ತೊಟ್ಟಿಲಿಗೆ ಮುಂಚಿನ ಗ್ರಹಣ

ನನ್ನ ಬಾಲ್ಯದಲ್ಲಿ ನಮ್ಮ ಬೀದಿಯಲ್ಲಿ ಸೀಳುತುಟಿಯ ಹುಡುಗನೊಬ್ಬನಿದ್ದ. ಅವನ ತಾಯಿ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದಳೆಂದೂ ಅದರ ಫಲವೇ ಇದೆಂದೂ ಬೀದಿಯೆಲ್ಲ ನಂಬಿತ್ತು. ಆಕೆ ಮಾತ್ರ, ಹಾಗೆ ಹೆಚ್ಚಿದ ನೆನಪೇ ತನಗಿಲ್ಲ ಎನ್ನುತ್ತಿದ್ದಳು.

ಗ್ರಹಣದ ದಿನ ಬಸುರಿಯನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸುವ ಪದ್ಧತಿಯನ್ನು ನೀವೂ ಕಂಡಿರಬಹುದು. ಹುಟ್ಟುವುದಕ್ಕೆ ಮುಂಚೆ ನಡೆದ ಗ್ರಹಣಕ್ಕೂ ಹುಟ್ಟಿದ ಮಗುವಿಗೂ ಏನೋ ನಂಟುಂಟೆಂಬ ಭಾವನೆ ಬಹು ದೇಶಗಳದು. ಜ್ಯೋತಿಷದ ಹಳೆಯ ಬರಹಗಳು ಈ ನಂಟಿನ ವಿಷಯದಲ್ಲಿ ಏನನ್ನುತ್ತವೆ? ನೋಡಹೊರಟರೆ ಸ್ವಲ್ಪ ಆಶ್ಚರ್ಯವೇ ಆಗುತ್ತದೆ.

ನಮಗೆ ದೊರೆತಿರುವ ಅತಿ ಪ್ರಾಚೀನ ಜಾತಕಗಳು ಬ್ಯಾಬಿಲೋನಿಯದವು, ಎಂದರೆ ಇಂದಿನ ಇರಾಕ್ ದೇಶದವು. ಹಸಿ ಮಣ್ಣಿನ ಹಲಗೆಯ ಮೇಲೆ ಬೆಣೆಯಾಕಾರದ ಅಕ್ಷರಗಳನ್ನೊತ್ತಿ ಬರೆದವು. ಅವುಗಳಲ್ಲಿ ಅತ್ಯಂತ ಹಳೆಯವು ಕ್ರಿ. ಪೂ. 410ರವು. ಆದರೆ ಅದಕ್ಕೂ ಹಿಂದೆ, ಶತಮಾನಗಳ ಕಾಲ, ಗ್ರಹಣವೆಂಬುದು ಸಾಮಾನ್ಯನ ವಿಷಯವೇ ಆಗಿರಲಿಲ್ಲ. ಅದು ಅರಸನ ವಿಷಯ. ಚಂದ್ರಬಿಂಬವನ್ನು ನಾಲ್ಕು ಭಾಗಮಾಡಿ ಒಂದೊಂದನ್ನು ಒಂದೊಂದು ದೇಶಕ್ಕೆ ಹಂಚಿದ್ದರು. ಯಾವ ಭಾಗ ಕಪ್ಪಾಯಿತೋ ಆ ದೇಶದ ದೊರೆಗೆ ಕೇಡು. ಗ್ರಹಣ ಕಾಲದಲ್ಲಿ ಗುರುಗ್ರಹ ಕಾಣುತ್ತಿದ್ದರೆ ದೊರೆ ಬದುಕಿಕೊಂಡ. ಕಾಣದಿದ್ದರೆ? ಕ್ರಿ. ಪೂ. 681ರಿಂದ 669ರವರೆಗೆ ಆಳಿದ ಅಸ್ಸೀರಿಯದ ಎಸರ್ಹದ್ದೋನನ ಆಸ್ಥಾನದಲ್ಲಿ ಒಬ್ಬ ಬಡಪಾಯಿಯನ್ನು ಹಿಡಿದು ಸಿಂಹಾಸನದ ಮೇಲೆ ಕೂರಿಸುತ್ತಿದ್ದರು. ಬದಲಿ ಅರಸನ ಆಳ್ವಿಕೆ ಹೆಚ್ಚೆಂದರೆ ನೂರು ದಿನ. ಆಮೇಲೆ ಅವನಿಗೆ ಮರಣ. ಆ ದಿನಗಳಲ್ಲಿ ನಿಜವಾದ ದೊರೆಗೆ ಬರೆದ ಓಲೆಗಳಲ್ಲಿ ಅವನನ್ನು ‘ರೈತ’ ಎಂದು ಸಂಬೋಧಿಸಿದ್ದಾರೆ! ವಿಧಿಯ ಕಣ್ಣಿಗೆ ಮಣ್ಣೆರಚುವ ಉಪಾಯ ಇದು. ಗ್ರಹಣದ ಅರ್ಥಕ್ಕಾಗಿ ಒಬ್ಬನ ಪ್ರಾಣ ಹೋಗುತ್ತಿತ್ತೆಂಬುದನ್ನು ಮರೆತು ನಗುವುದು ಕಷ್ಟ.

ಜಾತಕಗಳು ಹುಟ್ಟಿಕೊಂಡ ಮೇಲೆ ಅರಸನ ಗ್ರಹಣ ಸಾಮಾನ್ಯನ ಹಲಗೆಗೂ ಬಂತು. ಮಗು ಹುಟ್ಟಿದ ಕಾಲದ ಆಸುಪಾಸಿನ ತಿಂಗಳುಗಳಲ್ಲಿ ನಡೆದ ಗ್ರಹಣಗಳನ್ನು ಹಲವು ಹಲಗೆಗಳಲ್ಲಿ ಗುರುತುಹಾಕಿದ್ದಾರೆ. ಅವರ ಆಕಾಶದಲ್ಲಿ ಕಾಣಿಸದೆ, ಬರಿಯ ಲೆಕ್ಕದಿಂದ ತಿಳಿದ ಗ್ರಹಣಗಳೂ ಅಲ್ಲಿವೆ. ಆದರೆ ಅವುಗಳ ಪಕ್ಕದಲ್ಲಿ ಫಲವೇನೆಂದು ಹುಡುಕಿದರೆ ಸಾಧಾರಣವಾಗಿ ಏನೂ ಇಲ್ಲ, ಬರಿಯ ತಾರೀಖು. ಕ್ರಿ. ಪೂ. 235ರಲ್ಲಿ ಹುಟ್ಟಿದ ಅರಿಸ್ಟೋಕ್ರಟೀಸನೆಂಬ ಗ್ರೀಕ್ ಹೆಸರಿನವನ ಜಾತಕದಲ್ಲಿ ಫಲ ಬರೆದಿರುವುದುಂಟು. ಗುರುವಿನ ಸ್ಥಾನದಿಂದ ಧನ, ದೀರ್ಘಾಯುಸ್ಸು, ಶುಕ್ರನಿಂದ ಮಕ್ಕಳು. ಇಂಥ ಜಾತಕಗಳೇ ವಿರಳ.

ಕ್ರಿ. ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿಯೂ ಗ್ರಹಣಗಳನ್ನು ದೇಶಗಳ ಶುಭಾಶುಭಕ್ಕೇ ಮೀಸಲಾಗಿಟ್ಟ. ಸೂರ್ಯಗ್ರಹಣ ಎಷ್ಟು ಗಂಟೆಯೋ ಫಲ ಅಷ್ಟು ವರ್ಷ. ಚಂದ್ರಗ್ರಹಣವಾದರೆ ಅಷ್ಟು ತಿಂಗಳು. ವ್ಯಕ್ತಿಯ ಜಾತಕಕ್ಕೆ ಅವನು ತೆಗೆದುಕೊಂಡದ್ದು ಹುಟ್ಟಿಗೆ ಮುಂಚಿನ ಅಮಾವಾಸ್ಯೆ ಅಥವಾ ಹುಣ್ಣಿಮೆಯನ್ನು. ಅದು ಗ್ರಹಣವೇ ಆಗಿರಬೇಕೆಂದಿಲ್ಲ. ನಮ್ಮ ವರಾಹಮಿಹಿರನೂ ಆರನೆಯ ಶತಮಾನದಲ್ಲಿ ಗ್ರಹಣದ ಮಾತನ್ನು ವಿಸ್ತಾರವಾಗಿ ಎತ್ತುವುದು ಬೃಹತ್ಸಂಹಿತೆಯಲ್ಲಿ, ರಾಜರ ಮತ್ತು ದೇಶಗಳ ಪ್ರಸಂಗದಲ್ಲಿ. ಅದೇ ಅಧ್ಯಾಯದಲ್ಲಿ ಚಂದ್ರನು ಭೂಮಿಯ ನೆರಳನ್ನು ಹೊಗುವುದೇ ಗ್ರಹಣವೆಂದೂ ಹೇಳಿಬಿಟ್ಟಿದ್ದಾನೆ. ಜನನಪೂರ್ವದ ಗ್ರಹಣವೊಂದನ್ನು ಆರಿಸಿ, ಅದರ ರಾಶಿಯಿಂದ ಒಬ್ಬನ ಬಾಳಿನ ಗುರಿಯನ್ನೇ ಓದುವ ಕ್ರಮವನ್ನು ಪ್ರಚಾರಕ್ಕೆ ತಂದವರು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಜ್ಯೋತಿಷಿಗಳು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಂದು ಸೂರ್ಯಗ್ರಹಣದಿಂದ ಮುಂದಿನದಕ್ಕೆ ಆರು ಚಾಂದ್ರಮಾಸಗಳಿಗಿಂತ, ಎಂದರೆ ಸುಮಾರು 177 ದಿನಗಳಿಗಿಂತ ಹೆಚ್ಚು ಅಂತರವಿರುವುದಿಲ್ಲ. ಗರ್ಭವಾಸವಾದರೋ ಒಂಬತ್ತು ತಿಂಗಳು. ಆದ್ದರಿಂದ ತುಂಬು ತಿಂಗಳಿಗೆ ಹುಟ್ಟಿದ ಪ್ರತಿಯೊಂದು ಶಿಶುವೂ ತಾಯಿಯ ಗರ್ಭದಲ್ಲಿದ್ದಾಗ ಭೂಮಿಯ ಯಾವುದಾದರೊಂದು ಕಡೆ ಸೂರ್ಯಗ್ರಹಣ ನಡೆದೇ ಇರುತ್ತದೆ. ನಿಮಗೂ ಒಂದುಂಟು, ನನಗೂ ಒಂದುಂಟು. ಊರಿನಲ್ಲೇ ಕಾಣುವ ಗ್ರಹಣಗಳನ್ನಷ್ಟೇ ಎಣಿಸಿದರೆ ಸಂಖ್ಯೆ ಕಡಿಮೆ, ನಿಜ. ಆದರೆ ಕಂಡ ಗ್ರಹಣ ಒಂದೇ ಮನೆಯ ಮೇಲೆ ಕಾಣುವುದಿಲ್ಲವಷ್ಟೆ.

1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಹುಬ್ಬಳ್ಳಿ, ರಾಯಚೂರುಗಳ ಸೀಮೆಯ ಮೇಲೆ ಹಾಯ್ದುಹೋಯಿತು. ವಿಜ್ಞಾನಿಗಳು ದೂರದರ್ಶಕಗಳನ್ನು ಹೊತ್ತು ಬಂದು ಬಯಲಿನಲ್ಲಿ ಬೀಡುಬಿಟ್ಟಿದ್ದರು. ಆ ನೆರಳಿನಡಿಯ ಊರುಗಳಲ್ಲಿ ಆ ದಿನ ಎಷ್ಟೋ ಮಂದಿ ಬಸುರಿಯರಿದ್ದಿರಬೇಕು.

ನಮ್ಮ ಬೀದಿಯಲ್ಲಿಯೂ ಆ ಹುಡುಗ ಹುಟ್ಟಿದ ಮಾಗಿಯಲ್ಲೇ ಇನ್ನೂ ಮೂರು ತೊಟ್ಟಿಲು ಕಟ್ಟಿದ್ದರಂತೆ. ಆ ಮೂವರು ತಾಯಂದಿರು ಗ್ರಹಣದ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ಯಾರೂ ಕೇಳಿರಲಿಲ್ಲ.