ರಜಪೂತ್ ವರ್ಗದ ವಿಧ್ವಂಸಕ ನೌಕೆಗಳು: ಬಿಡಿಭಾಗಗಳ ಚರಿತ್ರೆ ಮತ್ತು ಬೆಂಗಳೂರಿನ ಕೌಶಲ ಪರಂಪರೆ

ಜಾನಪದ ಅಧ್ಯಯನವು ಕಸುಬಿನ ಜ್ಞಾನವನ್ನು ಕಮ್ಮಾರನ ಕುಲುಮೆ, ಕುಂಬಾರನ ತಿಗರಿಗಳವರೆಗೆ ಹಿಂಬಾಲಿಸಿದೆ. ಲೇತ್ ಯಂತ್ರದ ಬಳಿಗೆ ಬಂದಾಗ ಮಾತ್ರ ಹಿಂಜರಿದಿದೆ. ಪಶ್ಚಿಮ ಬೆಂಗಳೂರಿನ ಮಹಾಲಕ್ಷ್ಮಿ ಲೇಔಟ್ ಪರಿಸರದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಒಂದೆಡೆ ರಾಜಾಜಿನಗರದ ಕೈಗಾರಿಕಾ ಪ್ರದೇಶ, ಇನ್ನೊಂದೆಡೆ ಯಶವಂತಪುರ, ಅದರಾಚೆ ಪೀಣ್ಯ ಹಾಗೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1954ರಲ್ಲಿ ನೆಲೆಗೊಂಡ ಜಾಲಹಳ್ಳಿ. ಆಯುಧಪೂಜೆಯಂದು ಇಲ್ಲಿನ ಸಣ್ಣ ವರ್ಕ್‌ಶಾಪುಗಳ ಯಂತ್ರಗಳಿಗೆ ಕುಂಕುಮ, ಬಾಗಿಲಿಗೆ ಬೂದುಗುಂಬಳ. ಸವೆದ ಬಿಡಿಭಾಗವನ್ನೇ ಮಾದರಿಯಾಗಿಟ್ಟು, ನಕ್ಷೆಯಿಲ್ಲದೆ ಅಳೆದು, ಹೊಸದನ್ನು ಕಡೆದು ಕೊಡುವುದು ಇಂಥ ವರ್ಕ್‌ಶಾಪುಗಳ ಕೌಶಲ. ಈ ಕೌಶಲದ ಎಲ್ಲೆಯನ್ನು ಅರಿಯಲು ಭಾರತೀಯ ನೌಕಾಪಡೆಯ ರಜಪೂತ್ ವರ್ಗದ ನೌಕೆಗಳ ಚರಿತ್ರೆ ನೆರವಾಗುತ್ತದೆ.

ಸೋವಿಯತ್ ಒಕ್ಕೂಟದ ಕಾಶಿನ್ ವರ್ಗವನ್ನು ಭಾರತಕ್ಕಾಗಿ ಮಾರ್ಪಡಿಸಿ ಕಟ್ಟಿದ ಐದು ನೌಕೆಗಳಿವು: ರಜಪೂತ್, ರಾಣಾ, ರಣಜಿತ್, ರಣವೀರ್, ರಣವಿಜಯ್. ಕಟ್ಟಿದ ಸ್ಥಳ ಇಂದಿನ ಉಕ್ರೇನಿನ ಮಿಕೊಲಾಯಿವ್. ಮೊದಲನೆಯದು 1980ರ ಮೇ 4ರಂದು ಸೇವೆಗೆ ಸೇರಿತು. ಪ್ರತಿಯೊಂದಕ್ಕೂ ಹುಟ್ಟಿನ ರಷ್ಯನ್ ಹೆಸರೊಂದಿತ್ತು. ರಜಪೂತ್ ಮೊದಲಿಗೆ ‘ನದ್ಯೋಝ್ನಿ’, ಎಂದರೆ ನೆಚ್ಚತಕ್ಕದ್ದು. ರಣಜಿತ್ ‘ಲೋವ್ಕಿ’, ಚುರುಕಾದದ್ದು. ಮದುವೆಯಾಗಿ ಬಂದ ಹೆಣ್ಣಿಗೆ ಹೊಸ ಹೆಸರಿಡುವ, ನಮ್ಮ ಕೆಲವು ಸಮುದಾಯಗಳ ಪದ್ಧತಿಯನ್ನು ಇದು ನೆನಪಿಸುತ್ತದೆ. ಹೆಸರು ಬದಲಾದರೂ ತವರಿನ ಹಂಗು ತಪ್ಪಲಿಲ್ಲ. ಪ್ರತಿ ನೌಕೆಯನ್ನು ನಡೆಸುತ್ತಿದ್ದ ನಾಲ್ಕು ಗ್ಯಾಸ್ ಟರ್ಬೈನುಗಳು, ಒಟ್ಟು 72,000 ಅಶ್ವಶಕ್ತಿ, ಸೋವಿಯತ್ ನಿರ್ಮಿತವೇ ಆಗಿದ್ದವು.

1991ರಲ್ಲಿ ಒಕ್ಕೂಟ ಒಡೆದಾಗ ಬಿಡಿಭಾಗಗಳ ಪೂರೈಕೆಯ ಸರಪಳಿಯೂ ಹರಿಯಿತು. ಒಂದೇ ದೇಶದ ಕಾರ್ಖಾನೆಗಳು ಈಗ ಬೇರೆ ಬೇರೆ ದೇಶಗಳಿಗೆ ಸೇರಿದ್ದವು. ಬುಷ್, ಫ್ಲ್ಯಾಂಜ್, ಪಂಪಿನ ಶಾಫ್ಟ್ ಮುಂತಾದವನ್ನು ನುರಿತ ಕೈ ಅಳೆದು ಮಾಡಬಲ್ಲದು. ಟರ್ಬೈನಿನ ಅಲಗು ಹಾಗಲ್ಲ. ಮಿಶ್ರಲೋಹದ ಪ್ರಮಾಣ, ಎರಕದ ಕ್ರಮ, ಶಾಖ ಕೊಟ್ಟ ರೀತಿ ಇವು ಕ್ಯಾಲಿಪರಿಗೆ ಸಿಕ್ಕುವಂಥವಲ್ಲ. ಅಳತೆ ದೊರೆತರೂ ಹದ ದೊರೆಯದು. ಕಮ್ಮಾರರ ಈ ‘ಹದ’ ಎಂಬ ಮಾತಿಗಿಂತ ನಿಖರವಾದ ಪದ ತಂತ್ರಜ್ಞಾನದ ಬರಹಗಳಲ್ಲಿಯೂ ವಿರಳ.

ಆ ಹದದ ಹುಡುಕಾಟ ಬೆಂಗಳೂರಿನಲ್ಲಿಯೇ ನಡೆಯಿತು. ನಗರದ ಪೂರ್ವಭಾಗದ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆಯು ಲಘು ಯುದ್ಧವಿಮಾನಕ್ಕೆಂದು ಕೈಗೊಂಡಿದ್ದ, 1989ರಲ್ಲಿ ಮಂಜೂರಾದ ಕಾವೇರಿ ಎಂಜಿನಿನ ಒಳತಿರುಳನ್ನು ಆಧರಿಸಿ ಕಾವೇರಿ ನೌಕಾ ಟರ್ಬೈನನ್ನು ರೂಪಿಸಿತು. ಇದಕ್ಕಾಗಿ ಶಾಫ್ಟ್ ತಿರುಗಿಸುವ ಪ್ರತ್ಯೇಕ ಟರ್ಬೈನೊಂದನ್ನೂ ವಿನ್ಯಾಸಗೊಳಿಸಲಾಯಿತು. ವಿಶಾಖಪಟ್ಟಣದ ನೌಕಾ ಕಟ್ಟೆಯ ಪರೀಕ್ಷೆಯಲ್ಲಿ ಅದು 12 ಮೆಗಾವ್ಯಾಟ್ ಶಕ್ತಿಯನ್ನು ಮುಟ್ಟಿತು. ರಜಪೂತ್ ವರ್ಗದಂತಹ ನೌಕೆಗಳಿಗಾಗಿ ನೌಕಾಪಡೆ ಬಯಸಿದ್ದು ಇಷ್ಟನ್ನೇ. ಹಳೆಯ ಟರ್ಬೈನ್ ಒಂದರ ಪಾಲು 18,000 ಅಶ್ವಶಕ್ತಿಯಾದರೆ ಇದು ಸುಮಾರು 16,000. ಕಾವೇರಿ ಆ ನೌಕೆಗಳನ್ನು ಏರಲಿಲ್ಲ. ಅಷ್ಟರಿಂದಲೇ ಅದನ್ನು ವಿಫಲವೆಂದು ತಳ್ಳಿಹಾಕುವುದು ಅವಸರದ ತೀರ್ಮಾನ. ಎರವಲು ತಂದ ಯಂತ್ರ ಕಲಿಸದಿದ್ದುದನ್ನು ಈ ಪ್ರಯತ್ನ ಕಲಿಸಿತ್ತು.

ರಣಜಿತ್ 2019ರ ಮೇ 6ರಂದು, ರಜಪೂತ್ 2021ರ ಮೇ 21ರಂದು ವಿಶಾಖಪಟ್ಟಣದಲ್ಲಿ ಸೇವೆಯಿಂದ ನಿವೃತ್ತವಾದವು. ಮರುವರ್ಷ ಅವುಗಳ ತವರು ಮಿಕೊಲಾಯಿವ್ ಯುದ್ಧದ ಶೆಲ್ ದಾಳಿಗೆ ಸಿಲುಕಿತು.