ರಣಜಿ ನಿಂತ ವರ್ಷ ನಮ್ಮ ಬೌಲರ್ ಹುಡುಗರು ಏನು ಮಾಡಿದರು?

2020ರ ಏಪ್ರಿಲ್ ನೆನಪಿದೆಯಾ? ದೇಶನೂರು, ಸಿರುಗುಪ್ಪ ಕಡೆ ಭತ್ತ ಕಟಾವಾದ ಗದ್ದೆಯೇ ಹುಡುಗರ ಕ್ರಿಕೆಟ್ ಮೈದಾನ. ಕೂಳೆ ತುಳಿದೂ ತುಳಿದೂ ಪಿಚ್ ಆಗುತ್ತದೆ, ಬದುವೇ ಬೌಂಡರಿ. ಆ ವರ್ಷ ಗದ್ದೆ ಖಾಲಿ ಇತ್ತು, ಆಡಲು ಹುಡುಗರೂ ಇದ್ದರು, ಆದರೆ ನಾಲ್ಕು ಮಂದಿ ಸೇರಿದರೆ ಪೊಲೀಸರ ಲಾಠಿ ಬರುತ್ತಿತ್ತು. ಟೂರ್ನಿಗೆ ಅಂತ ಎತ್ತಿಟ್ಟ ಚಂದಾ ದುಡ್ಡು ಕೆಲವು ಕಡೆ ರೇಷನ್ ಕಿಟ್ ಆಯಿತು.

ಬ್ಯಾಟ್ಸ್‌ಮನ್‌ಗೆ ಸುಮ್ಮನಿರುವುದು ಅಷ್ಟು ಕಷ್ಟವಲ್ಲ. ಕಾಲುಚೀಲದಲ್ಲಿ ಚೆಂಡು ತುಂಬಿ ಜಂತಿಗೆ ನೇತುಹಾಕಿದರೆ ಮನೆಯಂಗಳದಲ್ಲೇ ಬ್ಯಾಟ್ ಬೀಸಬಹುದು. ಬೌಲರ್ ಕಥೆ ಬೇರೆ. ಅವನಿಗೆ ಓಡಿ ಬರಲು ಜಾಗ ಬೇಕು. ಅದಕ್ಕಿಂತ ಮುಖ್ಯವಾಗಿ, ಭುಜ, ಸೊಂಟ, ಬೆನ್ನುಮೂಳೆ ಆ ಹೊಡೆತಕ್ಕೆ ಒಗ್ಗಿರಬೇಕು. ವೇಗದ ಬೌಲರ್ ಮುಂಗಾಲು ಊರಿದಾಗ ಅವನ ಮೈತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ಬಿಟ್ಟು ಒಂದೇ ದಿನ ಹತ್ತು ಓವರ್ ಹಾಕಿದರೆ ಬೆನ್ನಿನ ಎಲುಬು ಸೀಳುಬಿಡುವ ಅಪಾಯವಿದೆ. ಎಳೆಯ ವಯಸ್ಸಿನವರಿಗೆ ಅದು ಇನ್ನೂ ಹೆಚ್ಚು.

ಕರ್ನಾಟಕ ತಂಡದ ಲೆಕ್ಕವನ್ನೇ ನೋಡಿ. 2020ರ ಮಾರ್ಚ್ 3ರಂದು ಕೋಲ್ಕತ್ತಾದಲ್ಲಿ ಬಂಗಾಳದ ಎದುರು ರಣಜಿ ಸೆಮಿಫೈನಲ್ ಸೋತು ನಮ್ಮವರು ಊರಿಗೆ ಬಂದರು. ಫೈನಲ್‌ನಲ್ಲಿ ಬಂಗಾಳವನ್ನು ಸೋಲಿಸಿ ಸೌರಾಷ್ಟ್ರ ಗೆದ್ದ ಕೊನೆಯ ದಿನ ರಾಜ್‌ಕೋಟ್ ಮೈದಾನಕ್ಕೆ ಪ್ರೇಕ್ಷಕರನ್ನೇ ಬಿಡಲಿಲ್ಲ. ಹನ್ನೊಂದು ದಿನಕ್ಕೆ ದೇಶವೇ ಲಾಕ್‌ಡೌನ್. 2021ರ ಜನವರಿಯಲ್ಲಿ ಟಿ20 ಟೂರ್ನಿಯೇನೋ ನಡೆಯಿತು. ಆದರೆ ಅದೇ ತಿಂಗಳ ಕೊನೆಗೆ, ಈ ಸಲ ರಣಜಿ ಇಲ್ಲ ಅಂತ ಬಿಸಿಸಿಐ ತಿಳಿಸಿತು. 1934-35ರಲ್ಲಿ ಶುರುವಾದ ಟೂರ್ನಿ ನಿಂತದ್ದು ಅದೇ ಮೊದಲು. ಎರಡನೇ ಮಹಾಯುದ್ಧ ಕೂಡ ಅದನ್ನು ನಿಲ್ಲಿಸಿರಲಿಲ್ಲ. ಆ ಯುದ್ಧದ ನಡುವೆಯೇ, 1941-42ರಲ್ಲಿ, ಮೈಸೂರು ತಂಡ ಫೈನಲ್ ತಲುಪಿ ಬಾಂಬೆಗೆ ಸೋತಿತ್ತು. ಕರ್ನಾಟಕ ಮತ್ತೆ ರಣಜಿಗೆ ಇಳಿದದ್ದು 2022ರ ಫೆಬ್ರವರಿ 17ಕ್ಕೆ, ಚೆನ್ನೈನಲ್ಲಿ, ರೈಲ್ವೇಸ್ ವಿರುದ್ಧ. ಹೆಚ್ಚುಕಡಿಮೆ ಎರಡು ವರ್ಷ!

ದೊಡ್ಡವರಿಗೆ ಮುಂದೆ ಮಂಡಳಿಯಿಂದ ಪರಿಹಾರದ ದುಡ್ಡು ಬಂತು. ಪೆಟ್ಟು ಬಿದ್ದದ್ದು ಹದಿನಾರು ವರ್ಷದೊಳಗಿನ ಹುಡುಗರಿಗೆ. ವಿಜಯ್ ಮರ್ಚೆಂಟ್ ಟ್ರೋಫಿಗೆ ವಯಸ್ಸಿನ ಮಿತಿ ಇದೆ. ಟೂರ್ನಿ ನಿಂತಿತು ಅಂತ ವಯಸ್ಸು ನಿಲ್ಲುತ್ತದೆಯೇ? ಆ ವರ್ಷ ತನ್ನ ಸರದಿ ಅಂತ ಕಾದಿದ್ದವನು ಒಂದೂ ಪಂದ್ಯ ಆಡದೆ ಮಿತಿ ದಾಟಿಬಿಟ್ಟ. ಬೆಂಗಳೂರಿನವನಿಗೆ ಕ್ಲಬ್ಬು, ಲೀಗು ಅಂತ ಇನ್ನೊಂದು ಬಾಗಿಲಾದರೂ ಇರುತ್ತದೆ. ನಮ್ಮ ಕಡೆಯವನು ಬಸ್ಸು ಹತ್ತಿ ವಲಯದ ಆಯ್ಕೆಗೆ ಹೋಗಿ, ಅಲ್ಲಿಂದ ಮೇಲೆ ಏರಬೇಕು. ಒಂದು ವರ್ಷ ತಪ್ಪಿದರೆ ಮನೆಯಲ್ಲಿ ಗದ್ದೆಗೆ ಬಾ ಅನ್ನುತ್ತಾರೆ. ಅದನ್ನು ತಪ್ಪು ಅನ್ನಲು ನಮಗೂ ಬಾಯಿ ಬರುವುದಿಲ್ಲ.

ಹಾಗಿದ್ದೂ ಕೆಲವರು ಕೈ ಬಿಡಲಿಲ್ಲ. ಸಂಜೆ ಕಾಲುವೆ ಏರಿಯ ಮೇಲೆ ಓಟ, ಗೋಡೆಗೆ ಇದ್ದಿಲಿನಲ್ಲಿ ಮೂರು ಗೀಟು ಎಳೆದು ಒಬ್ಬನೇ ಚೆಂಡು ಹಾಕುವುದು, ಒದ್ದೆ ಟವೆಲ್ ಹಿಡಿದು ಬೌಲಿಂಗ್ ಮಾಡಿದಂತೆ ಕೈ ತಿರುಗಿಸುವುದು. ಈ ಟವೆಲ್ ಉಪಾಯ ಅಮೆರಿಕದ ಬೇಸ್‌ಬಾಲ್ ಆಟದಲ್ಲೂ ಇದೆ. ಅಲ್ಲಿ ಚೆಂಡು ಎಸೆಯುವವನನ್ನು ಪಿಚರ್ ಅನ್ನುತ್ತಾರೆ. 2020ರಲ್ಲಿ ಅಲ್ಲಿನ ಕಿರಿಯ ವೃತ್ತಿಪರ ಲೀಗ್‌ಗಳೂ ಪೂರ್ತಿ ರದ್ದಾಗಿ, ಹುಡುಗ ಪಿಚರ್‌ಗಳು ಮನೆ ಹಿತ್ತಲಿಗೆ ಬಂದರು.

ಅಲ್ಲಿನ ಒಬ್ಬ ರೈತನ ಮಗನ ಕಥೆ ಹೇಳಲೇಬೇಕು. ಬಾಬ್ ಫೆಲ್ಲರ್, ಅಯೋವಾ ರಾಜ್ಯದ ವ್ಯಾನ್ ಮೀಟರ್ ಎಂಬ ಊರಿನವನು. ಮಗನ ಆಟಕ್ಕಾಗಿ ಅಪ್ಪ ಹೊಲದಲ್ಲೇ ಮೈದಾನ ಮಾಡಿಕೊಟ್ಟ. ಜೋಳಕ್ಕಿಂತ ಗೋಧಿಗೆ ಕೆಲಸ ಕಡಿಮೆ ಅಂತ ಬೆಳೆಯನ್ನೇ ಬದಲಿಸಿದ! ಚಳಿಗಾಲದಲ್ಲಿ ಕೊಟ್ಟಿಗೆಯೊಳಗೆ ಅಪ್ಪ-ಮಗ ಚೆಂಡು ಎಸೆದಾಡುತ್ತಿದ್ದರು. 1941ರ ಡಿಸೆಂಬರಿನಲ್ಲಿ ಫೆಲ್ಲರ್ ನೌಕಾಪಡೆ ಸೇರಿದ. ಸುಮಾರು ನಾಲ್ಕು ಹಂಗಾಮು ಹೋಯಿತು. ಅಲಬಾಮಾ ಎಂಬ ಯುದ್ಧನೌಕೆಯಲ್ಲಿ ತೋಪಿನ ಕೆಲಸ. ಬಿಡುವಾದಾಗ ಅದರ ಅಟ್ಟದ ಮೇಲೆಯೇ ಓಟ, ಕಸರತ್ತು, ಎಸೆತ. ವಾಪಸು ಬಂದ ಮೇಲೆ 1946ರ ಒಂದೇ ಹಂಗಾಮಿನಲ್ಲಿ 348 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ.

ಅಷ್ಟು ದೂರವೇಕೆ, ನಮ್ಮ ಜಿಲ್ಲೆಯ ತೋರಣಗಲ್ ಹತ್ತಿರದ ವಿಜಯನಗರದಲ್ಲೇ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. 2019ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಜಾವೆಲಿನ್ ಪಟು ನೀರಜ್ ಚೋಪ್ರಾ ಚೇತರಿಕೆಯ ವ್ಯಾಯಾಮಕ್ಕೆ ಅಲ್ಲಿದ್ದರು. ಮರುವರ್ಷ ಲಾಕ್‌ಡೌನ್‌ನಲ್ಲಿ ಪಟಿಯಾಲಾದ ಹಾಸ್ಟೆಲ್ ಕೋಣೆಯಲ್ಲಿ ಸಿಕ್ಕಿಕೊಂಡರು. ಒಲಿಂಪಿಕ್ಸ್ ಕೂಡ ಒಂದು ವರ್ಷ ಮುಂದೆ ಹೋಯಿತು. ಕೋಣೆಯೊಳಗೆ ಮೈ ಕಾಯ್ದುಕೊಂಡು, ಮೈದಾನ ತೆರೆದ ಮೇಲೆ ಮತ್ತೆ ಈಟಿ ಹಿಡಿದರು. 2021ರ ಆಗಸ್ಟ್ 7ರ 87.58 ಮೀಟರ್ ಎಸೆತ ನಿಮಗೆ ಗೊತ್ತೇ ಇದೆ.

ಇಲ್ಲಿ ಒಂದು ಮಾತು ಹುಡುಗರಿಗೇ ಹೇಳಬೇಕು. 2020ರ ಮೇ ತಿಂಗಳಲ್ಲಿ ಐಸಿಸಿ ಕೊಟ್ಟ ಸಲಹೆಯ ಪ್ರಕಾರ, ಬಿಡುವಿನ ನಂತರ ಟೆಸ್ಟ್ ಆಡುವ ಬೌಲರ್‌ಗೆ 8ರಿಂದ 12 ವಾರದ ತಯಾರಿ ಬೇಕು. ಪೂರ್ತಿ ಜೋರಿನ ಬೌಲಿಂಗ್ ಕೊನೆಯ ನಾಲ್ಕೈದು ವಾರಕ್ಕೆ ಮಾತ್ರ. ಇಂಗ್ಲೆಂಡ್ ಮಂಡಳಿಯ ನಿಯಮದಲ್ಲಿ 15 ವರ್ಷದೊಳಗಿನ ವೇಗದ ಬೌಲರ್ ಒಂದು ಸ್ಪೆಲ್‌ನಲ್ಲಿ 6, ದಿನಕ್ಕೆ 12 ಓವರ್ ದಾಟುವಂತಿಲ್ಲ. ನಮ್ಮ ಹಳ್ಳಿ ಟೂರ್ನಿಯಲ್ಲಿ ಒಂದೇ ಭಾನುವಾರ ನಾಲ್ಕು ಮ್ಯಾಚು ಆಡಿಸಿ, ಎಲ್ಲದರಲ್ಲೂ ಅದೇ ಹುಡುಗನ ಕೈಗೆ ಚೆಂಡು ಕೊಡುತ್ತೇವೆ. ಟೆನಿಸ್ ಚೆಂಡು ತಾನೇ, ಏನಾಗುತ್ತದೆ ಅಂತೇವೆ. ಚೆಂಡು ಹಗುರ ಇರಬಹುದು, ಓಡಿ ಬಂದು ಕಾಲು ಊರುವ ಹೊಡೆತ ಹಗುರವಲ್ಲ. ಜಾವಗಲ್ ಶ್ರೀನಾಥ್ ಅಂಥವರೇ 1997ರಲ್ಲಿ ಭುಜದ ಗಾಯಕ್ಕೆ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಅವರಿಗೆ ದೊಡ್ಡ ವೈದ್ಯರಿದ್ದರು. ನಮ್ಮ ಹುಡುಗನಿಗೆ ಬಳ್ಳಾರಿಗೆ ಹೋಗಿ ಒಂದು ಎಕ್ಸ್‌ರೇ ತೆಗೆಸುವುದೇ ದೊಡ್ಡ ಕೆಲಸ.

ಆ ಎರಡು ವರ್ಷ ಒಬ್ಬನೇ ಗೋಡೆಗೆ ಚೆಂಡು ಹಾಕಿದ ಹುಡುಗರ ಹೆಸರು ಯಾವ ಸ್ಕೋರ್‌ಬುಕ್ಕಿನಲ್ಲೂ ಇಲ್ಲ. ನಿಮ್ಮೂರಲ್ಲಿ ಅಂಥವನಿದ್ದರೆ, ಈಗ ಆಡುತ್ತಿರಲಿ, ಟ್ರ್ಯಾಕ್ಟರ್ ಓಡಿಸುತ್ತಿರಲಿ, ನಮಗೊಂದು ಮಾತು ತಿಳಿಸಿ. ಬಂದು ಮಾತಾಡಿಸುತ್ತೇವೆ.