ಪಿಸಿ ಮತ್ತು ಕನ್ಸೋಲ್‌ಗಳಲ್ಲಿ ಆಟದ ಗ್ರಾಫಿಕ್ಸ್ ಸಾಮರ್ಥ್ಯ

ವಿಡಿಯೊ ಗೇಮಿನ ದೃಶ್ಯವು ಸೆಕೆಂಡಿಗೆ 30 ಬಾರಿ ಬದಲಾಗಬೇಕಾದರೆ ಒಂದು ಚಿತ್ರವನ್ನು ರಚಿಸಲು ಯಂತ್ರಕ್ಕೆ ದೊರೆಯುವ ಕಾಲಾವಕಾಶ ಸುಮಾರು 33 ಮಿಲಿಸೆಕೆಂಡು. 60 ಬಾರಿ ಬದಲಾಗಬೇಕೆಂದರೆ 17 ಮಿಲಿಸೆಕೆಂಡಿಗೂ ಕಡಿಮೆ. ಬೆಳಕು, ನೆರಳು, ಚಲನೆ ಎಲ್ಲದರ ಲೆಕ್ಕವೂ ಅಷ್ಟರಲ್ಲಿ ಮುಗಿಯದಿದ್ದರೆ ಆಟ ತಡವರಿಸುತ್ತದೆ. ಪಿಸಿ ಇರಲಿ, ಕನ್ಸೋಲ್ ಇರಲಿ, ಈ ಗಡುವಿನಿಂದ ಯಾವುದಕ್ಕೂ ವಿನಾಯಿತಿಯಿಲ್ಲ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360 (2005) ಮತ್ತು ಸೋನಿಯ ಪ್ಲೇಸ್ಟೇಷನ್ 3 (2006) ಎರಡರಲ್ಲೂ ಇದ್ದ ಮೆಮೊರಿ 512 ಎಂಬಿ. ಮೊದಲನೆಯದರಲ್ಲಿ ಅದು ಒಂದೇ ಉಗ್ರಾಣ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಬೇಕಾದಷ್ಟು ಹಂಚಿಕೊಳ್ಳಬಹುದಿತ್ತು. ಎರಡನೆಯದರಲ್ಲಿ 256 ಎಂಬಿಯ ಎರಡು ಪ್ರತ್ಯೇಕ ಪಾಲುಗಳಿದ್ದವು. ಇದರೊಂದಿಗೆ ಸೆಲ್ ಪ್ರೊಸೆಸರಿನ ವಿಶಿಷ್ಟ ರಚನೆಯೂ ಸೇರಿ, ಒಂದೇ ಆಟವನ್ನು ಎರಡೂ ಯಂತ್ರಗಳಿಗೆ ಸಿದ್ಧಪಡಿಸುವ ತಂತ್ರಜ್ಞರಿಗೆ ತಲೆನೋವಾಗಿ ಪರಿಣಮಿಸಿತು.

ಜಾಹೀರಾತುಗಳಲ್ಲಿ 'ಎಚ್‌ಡಿ' ಎಂಬ ಘೋಷಣೆ ಮೊಳಗುತ್ತಿದ್ದರೂ ಗಡುವಿಗಾಗಿ ಚಿತ್ರದ ಗಾತ್ರವನ್ನೇ ಕುಗ್ಗಿಸುವುದು ಸಾಮಾನ್ಯವಾಗಿತ್ತು. ಎಚ್‌ಡಿಯ ಕನಿಷ್ಠ ಅಳತೆ 1280x720 ಆಗಿದ್ದಾಗ, 2007ರ 'ಹ್ಯಾಲೊ 3' ರಚಿಸುತ್ತಿದ್ದುದು 1152x640. ಅದೇ ವರ್ಷದ 'ಕಾಲ್ ಆಫ್ ಡ್ಯೂಟಿ 4' ಇನ್ನೂ ಕೆಳಗಿಳಿದು 1024x600ರಲ್ಲಿ ನಿಂತಿತು. ಯಂತ್ರವು ಅದನ್ನು ಹಿಗ್ಗಿಸಿ ತೆರೆಗೆ ಕಳುಹಿಸುತ್ತಿತ್ತು. ಇದನ್ನು ಮೋಸವೆನ್ನುವವರೂ ಇದ್ದಾರೆ. ಆದರೆ ಗುಂಡಿ ಒತ್ತಿದೊಡನೆ ಸ್ಪಂದಿಸಬೇಕಾದ ಗುಂಡಿನ ಕಾಳಗದಲ್ಲಿ, ಸೆಕೆಂಡಿಗೆ 60 ಚಿತ್ರಗಳಿಗಾಗಿ ಮೂರನೇ ಒಂದು ಭಾಗ ಪಿಕ್ಸೆಲ್ ತ್ಯಜಿಸಿದ್ದು ಸರಿಯಾದ ನಿರ್ಧಾರವೇ.

ಪಿಸಿಯಲ್ಲಿ ಇಂಥ ತ್ಯಾಗ ಆಟಗಾರನಿಗೇ ಬಿಟ್ಟದ್ದು. 2007ರ ನವೆಂಬರಿನಲ್ಲಿ ಬಂದ 'ಕ್ರೈಸಿಸ್' ಆಟದ ಗರಿಷ್ಠ ಗುಣಮಟ್ಟವನ್ನು ಅಂದಿನ ದುಬಾರಿ ಕಾರ್ಡ್‌ಗಳೂ ಸಲೀಸಾಗಿ ನಿಭಾಯಿಸಲಿಲ್ಲ. ಕನ್ಸೋಲ್‌ಗಳಿಗೆ ಅದು ತಲುಪಿದ್ದು 2011ರಲ್ಲಿ.

ಕಾರ್ಡ್ ಕೊಳ್ಳುವವರು ಮೆಮೊರಿಯ ಪ್ರಮಾಣವನ್ನಷ್ಟೇ ನೋಡಿ ಹಣ ತೆರುವುದುಂಟು. ಆ ಕಾಲದ ಎನ್‌ವಿಡಿಯಾ ಜೀಫೋರ್ಸ್ 8400 ಜಿಎಸ್ ಮತ್ತು 8800 ಜಿಟಿ ಎರಡೂ 512 ಎಂಬಿಯಲ್ಲಿ ದೊರೆಯುತ್ತಿದ್ದವು. ಆದರೆ ಮೊದಲನೆಯದರ ಮೆಮೊರಿ ಮಾರ್ಗ 64 ಬಿಟ್ ಅಗಲ, ಎರಡನೆಯದರದು 256 ಬಿಟ್. ಉಗ್ರಾಣ ಎಷ್ಟೇ ದೊಡ್ಡದಿದ್ದರೂ ಬಾಗಿಲು ಕಿರಿದಾದರೆ ಸರಕು ಹೊತ್ತಿಗೆ ಸರಿಯಾಗಿ ಹೊರಬರುವುದಿಲ್ಲ.

2013ರ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್, ಪಿಸಿ ಮಾದರಿಯ ಎಎಂಡಿ ಚಿಪ್‌ಗಳನ್ನೇ ಅಳವಡಿಸಿಕೊಂಡವು. 2020ರಲ್ಲಿ ಬಂದ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಅನೇಕ ಆಟಗಳು, ಚಿತ್ರದ ಸೊಗಸು ಬೇಕೋ ವೇಗ ಬೇಕೋ ಎಂದು ಆಟಗಾರನನ್ನೇ ಕೇಳುತ್ತವೆ.